ಗಡಿಯಾರದ ಉದಯಶಂಕರ್ ಡಬ್ಬಿಗಳನ್ನು ಮಲಗಿಸಿದ್ದು

ಕನಕಪುರದ ಬಸ್ ನಿಲ್ದಾಣದ ಹತ್ತಿರ, ಒಂದು ಬೇಕರಿಗೂ ಒಂದು ಜೆರಾಕ್ಸ್ ಅಂಗಡಿಗೂ ನಡುವೆ ಉಳಿದುಕೊಂಡ ಸಂದಿಯಲ್ಲಿ ಉದಯಶಂಕರನ ವಾಚ್ ರಿಪೇರಿ ಅಂಗಡಿಯಿದೆ. ಒಬ್ಬರು ಕೂತರೆ ಅಂಗಡಿ ತುಂಬುತ್ತದೆ; ಗಿರಾಕಿ ಬೀದಿಯಲ್ಲೇ ನಿಲ್ಲಬೇಕು. ಅವನ ತಂದೆ ಸಿದ್ದಗಂಗಯ್ಯನವರ ಕಾಲದಲ್ಲಿ ಕೀಲಿ ಕೊಡುವ ಗಡಿಯಾರಗಳಿದ್ದವು, ಕೆಟ್ಟರೆ ಬಿಚ್ಚಿ ಸರಿಮಾಡಬೇಕಿತ್ತು. ಮಗನ ಕಾಲಕ್ಕೆ ಸೆಲ್ ಬದಲಿಸಿದರೆ ಸಾಕೆಂದಾಯಿತು. ಈಚೆಗೆ ಅದಕ್ಕೂ ಬರುವವರು ಕಡಿಮೆ. ಆದರೂ ಉದಯಶಂಕರ್ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆದು, ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುತ್ತಾನೆ. ಕೆಲಸವಿಲ್ಲದಾಗಲೂ ಅದನ್ನು ತೆಗೆಯುವುದಿಲ್ಲ. ತೆಗೆದರೆ ಜನ ಮಾತಿಗೆ ನಿಲ್ಲುತ್ತಾರೆ ಎನ್ನುವುದು ಅವನು ಕಂಡುಕೊಂಡ ಸತ್ಯ.

ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬಂಥ ಮನುಷ್ಯ. ಹೆಣ್ಣು ನೋಡಲು ಹೋದಾಗ ಹೆಣ್ಣಿನ ಕಡೆಯವರು, ಏನಾದರೂ ಕೇಳುವುದಿದ್ದರೆ ಕೇಳಿ ಎಂದರಂತೆ. ಇವನು ಗೋಡೆಯ ಕಡೆ ನೋಡಿ, "ಆ ಗಡಿಯಾರ ಆರ್ ನಿಮ್ಷ ಹಿಂದೈತೆ" ಎಂದನಂತೆ. ಇದನ್ನು ಹೆಂಡತಿ ಉಮಾಮಹೇಶ್ವರಿ ಇಪ್ಪತ್ತಾರು ವರ್ಷದಿಂದ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಾಳೆ. ಅವನು ಅಲ್ಲವೆಂದಿಲ್ಲ. ಗಡಿಯಾರ ಹಿಂದಿದ್ದದ್ದು ನಿಜ.

ಎರಡು ವರ್ಷದ ಹಿಂದೆ, ನವೆಂಬರ್ ತಿಂಗಳಲ್ಲಿ, ಅಮೂಲ್ಯ ಎಂಬ ಹುಡುಗಿ ಅಂಗಡಿಯ ಮುಂದೆ ಬಂದು ನಿಂತಳು. ಚನ್ನಪಟ್ಟಣದ ಕಡೆಯವಳು, ಇಂಜಿನಿಯರ್, ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಕೈಯಲ್ಲಿ ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಬಿಳಿ ಡಬ್ಬಿ.

"ಇದಕ್ಕೆ ಹಾಕೋ ಸೆಲ್ ನಿಮ್ಮತ್ರ ಸಿಗುತ್ತಾ ಅಂಕಲ್?"

ಉದಯಶಂಕರ್ ಮುಚ್ಚಳ ಬಿಚ್ಚಿ ನೋಡಿದ. ಮೇಲುನೋಟಕ್ಕೆ ರಿಮೋಟಿಗೆ ಹಾಕುವ ಪೆನ್ಸಿಲ್ ಸೆಲ್ಲಿನಂತೆಯೇ ಇತ್ತು, ಆದರೆ ಒಳಗಿನ ಸರಕು ಬೇರೆ, ಶಕ್ತಿಯೂ ಹೆಚ್ಚು.

"ಇಲ್ಲ. ಏನ್ ಮಾಡ್ತದೆ ಇದು?"

ಕಬ್ಬಾಳಿಗೆ ಹೋಗುವ ದಾರಿಯಲ್ಲಿ ಸೀಗೇದೊಡ್ಡಿ ಎಂಬ ಊರಿದೆ, ಅಲ್ಲಿ ಮನೆಮನೆಯಲ್ಲೂ ರೇಷ್ಮೆ ಹುಳು ಸಾಕುತ್ತಾರೆ, ಹುಳುಮನೆಯಲ್ಲಿ ಶಾಖ ಏರಿದರೆ ಹುಳು ಸೊಪ್ಪು ಬಿಡುತ್ತದೆ, ಈ ಡಬ್ಬಿ ಶಾಖವನ್ನೂ ತೇವವನ್ನೂ ಅಳೆದು ರೈತರ ಫೋನಿಗೆ ತಿಳಿಸುತ್ತದೆ ಎಂದು ಅಮೂಲ್ಯ ಹೇಳಿದಳು. ಅಂಥ ಅರವತ್ತೆರಡು ಡಬ್ಬಿಗಳನ್ನು ಊರಿನಲ್ಲಿ ಕೂರಿಸಿದ್ದರು. ಎರಡು ವರ್ಷ ಬಾಳಬೇಕಾದ ಸೆಲ್ಲುಗಳು ಎರಡು ತಿಂಗಳಿಗೇ ಸಾಯತೊಡಗಿದ್ದವು. ಪ್ರತಿ ಸಲ ಬೆಂಗಳೂರಿನಿಂದ ಬಂದು ಬದಲಿಸುವುದು ಆಗದ ಮಾತು. ವಾರಕ್ಕೊಂದು ದಿನ ಹೋಗಿ ಸತ್ತ ಸೆಲ್ ತೆಗೆದು ಹೊಸದು ಹಾಕಿ ಬರುವವರು ಬೇಕು.

"ಮಂಗಳವಾರ ನನ್ ಅಂಗ್ಡಿ ರಜ" ಎಂದ ಉದಯಶಂಕರ್. ಅದು ಒಪ್ಪಿಗೆ ಎಂದು ಅರ್ಥಮಾಡಿಕೊಳ್ಳಲು ಅಮೂಲ್ಯಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಹೀಗೆ ಪ್ರತಿ ಮಂಗಳವಾರ ಅವನು ಸೀಗೇದೊಡ್ಡಿಯ ಬಸ್ಸಿಳಿದು, ಹುಳುಮನೆಗಳ ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿಗೆ ಕಾಲದ್ದಿ, ಒಳಗೆ ಹೋಗಿ ಡಬ್ಬಿ ಬಿಚ್ಚಿ, ಸೆಲ್ ಬದಲಿಸಿ ಬರತೊಡಗಿದ. ಸತ್ತ ಸೆಲ್ಲುಗಳನ್ನು ಎಸೆಯಲಿಲ್ಲ. ಗಿರಾಕಿಯ ವಾಚನ್ನು ಹಾಕಿಡುವ ಪುಟ್ಟ ಕಾಗದದ ಲಕೋಟೆಯಲ್ಲಿ ಒಂದೊಂದನ್ನೇ ಹಾಕಿ, ಮೇಲೆ ಮನೆಯವರ ಹೆಸರು, ತಾರೀಖು ಬರೆದಿಟ್ಟ. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಬರೆಯದೆ ಇಡುವುದು ಅವನಿಗೆ ಬರುತ್ತಿರಲಿಲ್ಲ.

ಶಿವರಾತ್ರಿ ಹತ್ತಿರ ಬರುವ ಹೊತ್ತಿಗೆ ಒಂದು ಸಂಗತಿ ಕಂಡಿತು. ಮೂಡಲ ಬೀದಿಯ ತುದಿಯ ಮುನಿಶಾಮಯ್ಯನ ಹುಳುಮನೆಯ ಸೆಲ್ ಒಂದೇ ಸಲ ಬದಲಾಗಿತ್ತು. ಹಾಲಿನ ಡೈರಿಯ ಪಕ್ಕದ ಮುನಿರತ್ನಮ್ಮನ ಮನೆಯದು ನಾಲ್ಕು ಸಲ. ಎರಡೂ ಒಂದೇ ಕಂಪನಿಯ ಸೆಲ್, ಒಂದೇ ದಿನ ಹಾಕಿದ್ದು.

ಇದೇ ಸಂಗತಿ ಅಮೂಲ್ಯಳ ಕಂಪನಿಯ ಸೂಪರ್‌ವೈಸರ್ ರುದ್ರಪ್ರಸಾದನಿಗೂ ಕಂಡಿತು. ಅವನಿಗೆ ಬೇರೆ ಥರ ಕಂಡಿತು. ಒಂದು ಮಂಗಳವಾರ ಸಂಜೆ, ಊರಿನವರೆಲ್ಲ ಹಾಲಿನ ಕ್ಯಾನು ಹಿಡಿದು ಡೈರಿಯ ಮುಂದೆ ಸಾಲು ನಿಂತಿದ್ದಾಗ, ಬೈಕಿನಿಂದ ಇಳಿದವನೇ ಕೇಳಿದ:

"ಏನಮ್ಮ ಮುನಿರತ್ನಮ್ಮ, ಮೂರ್ ತಿಂಗ್ಳಲ್ಲಿ ನಾಲ್ಕ್ ಸೆಲ್ ಆಯ್ತು. ಊರಿಗೆಲ್ಲ ಒಂದು ಲೆಕ್ಕ, ನಿಮ್ಗೆ ಒಂದು ಲೆಕ್ಕನಾ? ಟಿವಿ ರಿಮೋಟಿಗೆ ಹಾಕ್ಕೋತಿದ್ದೀರೋ ಹೆಂಗೆ?"

ಸಾಲಿನಲ್ಲಿ ಒಬ್ಬಿಬ್ಬರು ನಕ್ಕರು. ಮುನಿರತ್ನಮ್ಮ ಐವತ್ತೈದು ದಾಟಿದ ಹೆಂಗಸು. ಮೂವತ್ತು ವರ್ಷದಿಂದ ಹುಳು ಸಾಕುತ್ತಿದ್ದವಳು, ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಗೂಡು ಕೊಂಡು ನೂಲು ಬಿಚ್ಚುವ ಅಸದುಲ್ಲಾ ಸಾಹೇಬರಂಥ ಹಳೆಯ ರೀಲರುಗಳು "ಲಕ್ಷ್ಮಯ್ಯನ ಮನೆ ಗೂಡು" ಎಂದರೆ ಕೈಯಾಡಿಸದೆ ಹರಾಜು ಕೂಗುವಂತೆ ಹೆಸರು ಮಾಡಿದ್ದವಳು. ಲಕ್ಷ್ಮಯ್ಯ ಆಕೆಯ ಗಂಡ. ಗೂಡು ಆಕೆಯದು, ಹೆಸರು ಅವನದು. ಆಕೆ ಕ್ಯಾನನ್ನು ಕೆಳಗಿಟ್ಟು ಮನೆಗೆ ಹೋದಳು. ಬಂದಾಗ ಕೈಯಲ್ಲಿ ಒಂದು ಮೊರ, ಮೊರದೊಳಗೆ ಬಿಳಿ ಡಬ್ಬಿ. ರುದ್ರಪ್ರಸಾದನ ಬೈಕಿನ ಸೀಟಿನ ಮೇಲೆ ಡಬ್ಬಿಯಿಟ್ಟಳು.

"ತಗೊಂಡೋಗಿ ಸಾರ್. ಇದು ಉಟ್ಟಕ್ ಮುಂಚ್ಲಿಂದ್ಲೂವೆ ನಾನು ಉಳ ಸಾಕ್ತಿವ್ನಿ. ಕಳ್ಳಿ ಅನ್ನುಸ್ಕೊಂಡು ಸಾಕೋ ದರ್ದು ನಂಗಿಲ್ಲ."

ರುದ್ರಪ್ರಸಾದ್ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಹೋದ. ಉದಯಶಂಕರ್ ಡೈರಿಯ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡಿದ. ಏನಾದರೂ ಹೇಳಬೇಕಿತ್ತು ಎಂದು ಬಸ್ಸಿನಲ್ಲಿ ಅನಿಸಿತು. ಕನಕಪುರ ಬರುವವರೆಗೂ ಅನಿಸುತ್ತಲೇ ಇತ್ತು.

ಆ ಸಂಜೆಯಿಂದಲೇ ಸೀಗೇದೊಡ್ಡಿಯ ಮೂಡಲ ಬೀದಿಯ ಇಪ್ಪತ್ತಮೂರು ಹುಳುಮನೆಗಳಿಂದ ಒಂದೇ ಒಂದು ಸುದ್ದಿಯೂ ಬರಲಿಲ್ಲ. ಮುನಿಶಾಮಯ್ಯ ಮಾರನೆಯ ದಿನ ನೆಂಟರ ಮನೆಯ ನಾಮಕರಣಕ್ಕೆಂದು ಮಾಗಡಿಗೆ ಹೋಗಿದ್ದ. ಶಾಖ ಏರಿದರೆ ಫೋನು ಕೂಗುತ್ತದೆ ಎಂಬ ಧೈರ್ಯ. ಫೋನು ಕೂಗಲಿಲ್ಲ, ಎಲ್ಲ ಸರಿಯಾಗಿದೆ ಎಂದುಕೊಂಡು ಎರಡನೇ ಸಲ ಪಾಯಸ ಹಾಕಿಸಿಕೊಂಡ. ಬಂದು ನೋಡಿದರೆ, ಕಿಟಕಿ ತೆರೆಯುವವರಿಲ್ಲದೆ ಹುಳುಮನೆ ಕಾದು, ತಗಡಿನ ಪಕ್ಕದ ಎರಡು ಅಂಕಣದ ಹುಳುಗಳು ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ಕೂತಿದ್ದವು. ಅವುಗಳಲ್ಲಿ ಅರ್ಧದಷ್ಟು ಗೂಡು ಕಟ್ಟಲಿಲ್ಲ.

ಅಮೂಲ್ಯ ಬೆಂಗಳೂರಿನಿಂದ ಓಡಿ ಬಂದಳು. ಉದಯಶಂಕರ್ ಅಂಗಡಿಗೆ ಬೀಗ ಹಾಕಿಕೊಂಡು ಜೊತೆಗೆ ಹೋದ. ಮಂಗಳವಾರವಲ್ಲದ ದಿನ ಅವನು ಅಂಗಡಿ ಮುಚ್ಚಿದ್ದನ್ನು ಬೇಕರಿಯವನು ಅದೇ ಮೊದಲು ನೋಡಿದ್ದು. ಯಾರೋ ತೀರಿಕೊಂಡಿರಬೇಕೆಂದು ಉಮಾಮಹೇಶ್ವರಿಗೆ ಫೋನು ಮಾಡಿದ.

ಊರಿನಲ್ಲಿ ಉದಯಶಂಕರ್ ಡೈರಿಯ ಮುಂದೆ ನಿಂತು ಮೂಡಲ ಬೀದಿಯ ಕಡೆ ನೋಡಿದ. ನಡುವೆ ಆನೆ ಗಾತ್ರದ ಬಂಡೆ. ಬಂಡೆಯ ಈ ಬದಿಯಿಂದ ನೋಡಿದರೆ ಆ ಬೀದಿ ಕಾಣದು. ಡೈರಿ, ಬೀದಿ ಎರಡೂ ಕಾಣುವ ಮನೆ ಊರಿಗೆಲ್ಲ ಒಂದೇ.

"ಮೇಡಂ, ಮುನಿಶಾಮಯ್ಯನ ಡಬ್ಬಿ ಮಾತಾಡಿದ್ದು ಡೈರಿ ಮೇಲಿಂದ ಫೋನಿಗೆ ಸುದ್ದಿ ಕಳ್ಸೋ ದೊಡ್ಡ ಡಬ್ಬಿಗೆ ನೇರ ಕೇಳುಸ್ತದಾ?"

"ಇಲ್ಲ ಅಂಕಲ್. ಪಕ್ಕದ ಡಬ್ಬಿಗೆ ಹೇಳುತ್ತೆ. ಅದು ಅದರ ಪಕ್ಕದ್ದಕ್ಕೆ. ಹಿಂಗೆ ಕೈಯಿಂದ ಕೈಗೆ ದಾಟ್ಕೊಂಡು..."

ಅವಳು ಅಲ್ಲಿಗೇ ನಿಲ್ಲಿಸಿ ಮುನಿರತ್ನಮ್ಮನ ಮನೆಯ ಕಡೆ ತಿರುಗಿದಳು.

"ಇಡೀ ಬೀದಿ ಸುದ್ದಿನ ಆಯಮ್ಮನ ಡಬ್ಬಿ ಒಂದೇ ಒತ್ತೈತೆ" ಎಂದ ಉದಯಶಂಕರ್. "ಸಾಯ್ದೆ ಇನ್ನೇನಾದೀತು?"

ಆದರೆ ಡಬ್ಬಿಯನ್ನು ಮತ್ತೆ ಕೂರಿಸಲು ಮುನಿರತ್ನಮ್ಮ ಒಪ್ಪಲಿಲ್ಲ. ಅಮೂಲ್ಯ ಬೇಡಿದಳು. ಮುನಿಶಾಮಯ್ಯ ಬಂದು, "ಅತ್ತಿಗೆ, ನನ್ ಎರಡು ಅಂಕಣ ಒಂಟೋಯ್ತು" ಎಂದ. ಆಕೆ ಇಬ್ಬರಿಗೂ ಕಾಫಿ ಕೊಟ್ಟಳು. ಹೇಳಿದ್ದು ಇಷ್ಟೇ: "ಡೈರಿ ತಾವ ಅಂದವ್ರೆ. ಡೈರಿ ತಾವ್ಲೇ ಬಂದು ಅನ್ಲಿ."

ಅಂದರೆ ರುದ್ರಪ್ರಸಾದ್ ಬರಬೇಕು. ರುದ್ರಪ್ರಸಾದ್ ಫೋನಿನಲ್ಲಿ, ಕಂಪನಿಯ ಪರವಾಗಿ ಒಂದು ಪತ್ರ ಬರೆಸಿ ಕಳಿಸೋಣ ಎಂದ. ಅಮೂಲ್ಯ ಫೋನನ್ನು ಉದಯಶಂಕರನಿಗೆ ಕೊಟ್ಟಳು. ಅವನು ಅದನ್ನು ಕಿವಿಗಿಟ್ಟುಕೊಂಡು ಪೂರ್ತಿ ಒಂದು ನಿಮಿಷ ಆ ಕಡೆಯ ಮಾತು ಕೇಳಿದ. ಆಮೇಲೆ, "ಸಂಜೆ ಐದೂವರೆಗೆ ಹಾಲಿನ ಹೊತ್ತು" ಎಂದು ಹೇಳಿ ಫೋನು ವಾಪಸು ಕೊಟ್ಟ.

ಐದೂವರೆಗೆ ರುದ್ರಪ್ರಸಾದ್ ಬಂದ. ಸಾಲಿನಲ್ಲಿ ಅವತ್ತು ಹಾಲು ಇಲ್ಲದವರೂ ನಿಂತಿದ್ದರು. ಅವನು ಹೆಲ್ಮೆಟ್ ತೆಗೆದು, ಮತ್ತೆ ಹಾಕಿಕೊಂಡು, ಮತ್ತೆ ತೆಗೆದು, "ತಪ್ಪು ತಿಳ್ಕೊಂಡಿದ್ದೆ ಅಮ್ಮ. ಸೆಲ್ ನೀವು ತಗೊಂಡಿರ್ಲಿಲ್ಲ" ಎಂದ. ಮುನಿರತ್ನಮ್ಮ, "ಆಯ್ತು ಬುಡಿ. ಕಾಫಿ ಕುಡ್ದೋಗಿ" ಎಂದಳು. ಡಬ್ಬಿ ಗೋಡೆಗೆ ಮರಳಿತು.

ಹೆಸರೇನೋ ಉಳಿಯಿತು, ಸೆಲ್ ಸಾಯುವುದು ನಿಲ್ಲಲಿಲ್ಲ. ಮುಂದಿನ ಮಂಗಳವಾರ ಅಮೂಲ್ಯಳೂ ಬಂದಳು; ಉದಯಶಂಕರ್ ಕರೆಂಟು ಅಳೆಯುವ, ತಂದೆಯ ಕಾಲದ ಮುಳ್ಳಿನ ಮೀಟರನ್ನು ಬ್ಯಾಗಿನಲ್ಲಿ ತಂದ. ಡಬ್ಬಿಗೂ ಸೆಲ್ಲಿಗೂ ನಡುವೆ ಅದನ್ನು ಸೇರಿಸಿ, ಮುನಿರತ್ನಮ್ಮನ ಹುಳುಮನೆಯ ಮುಂದೆ ಚಾಪೆ ಹಾಸಿಕೊಂಡು ಕೂತ. ಡಬ್ಬಿ ಒಂದು ಸಲ ಮಾತಾಡಿದರೆ ಮುಳ್ಳು ಒಂದು ಸಲ ಕುಣಿಯುತ್ತದೆ. ಡಬ್ಬಿ ನಿಮಿಷಕ್ಕೊಮ್ಮೆ ಮಾತಾಡಬೇಕೆಂದು ಲೆಕ್ಕ. ಹತ್ತು ನಿಮಿಷಕ್ಕೆ ಹತ್ತು ಸಲ ಕುಣಿಯಬೇಕು. ಅವನು ಒಂದೊಂದಕ್ಕೂ ಚೀಟಿಯಲ್ಲಿ ಗೀಟು ಹಾಕಿದ. ಹತ್ತು ನಿಮಿಷಕ್ಕೆ ಇನ್ನೂರ ನಲವತ್ತು ಗೀಟಾದವು; ತನ್ನದರ ಜೊತೆಗೆ ಬೀದಿಯ ಇಪ್ಪತ್ತಮೂರು ಡಬ್ಬಿಗಳ ಮಾತೂ ಸೇರಿತ್ತು. ಅದಕ್ಕಿಂತ ಹೆಚ್ಚಾಗಿ ಅವನ ಮನಸ್ಸಿಗೆ ನಾಟಿದ್ದು ಬೇರೆ: ಒಂದು ಕುಣಿತಕ್ಕೂ ಇನ್ನೊಂದಕ್ಕೂ ನಡುವೆಯೂ ಮುಳ್ಳು ಪೂರ್ತಿ ಕೆಳಗಿಳಿಯುತ್ತಿರಲಿಲ್ಲ.

"ಸುಮ್ನಿದ್ದಾಗ್ಲೂ ಏನೋ ಮಾಡ್ತೈತಲ್ಲ?"

"ಕಿವಿ ಕೊಟ್ಟು ಕೂತಿರುತ್ತೆ ಅಂಕಲ್. ಪಕ್ಕದ್ದು ಯಾವಾಗ ಮಾತಾಡುತ್ತೋ ಗೊತ್ತಿರಲ್ಲವಲ್ಲ" ಎಂದಳು ಅಮೂಲ್ಯ.

ಸೊಪ್ಪು ಕತ್ತರಿಸುತ್ತಿದ್ದ ಮುನಿರತ್ನಮ್ಮ ತಲೆ ಎತ್ತಿದಳು. "ನಮ್ಮ್ ಡೈರಿ ಸೆಕ್ರೆಟ್ರಿ ಇಡೀ ದಿನ ಬಾಗ್ಲು ತಕ್ಕೊಂಡು ಕೂತಿರ್ತಾನಾ? ಒತ್ತಿಗೆ ಸರ್ಯಾಗಿ ತೆಗೀತಾನೆ. ನಾವೂ ಆ ಒತ್ತಿಗೇ ಓಯ್ತೀವಿ. ಮುಗುದ್ ಮೇಲೆ ಅವ್ನೂ ಮಲಿಕ್ಕತಾನೆ, ನಾವೂ ಮಲಿಕ್ಕತೀವಿ."

ಅಮೂಲ್ಯ ತನ್ನ ಲ್ಯಾಪ್‌ಟಾಪಿನಲ್ಲಿ ಏನೋ ಬರೆದುಕೊಂಡಳು. ಇದು ಪುಸ್ತಕದಲ್ಲಿಯೂ ಇದೆ, ಆದರೆ ಡಬ್ಬಿ ಮಾಡಿದವರು ಆತುರದಲ್ಲಿ ಬಿಟ್ಟಿದ್ದಾರೆ ಎಂದಳು. ಆಮೇಲೆ ಆ ದಿನದ ಅಂಕಿಗಳನ್ನು ತೋರಿಸಿದಳು. ಇಪ್ಪತ್ತೈದು ಡಿಗ್ರಿ, ಇಪ್ಪತ್ತೈದು, ಇಪ್ಪತ್ತೈದು, ಪರದೆ ತುಂಬ ಇಪ್ಪತ್ತೈದು.

ಉದಯಶಂಕರನಿಗೆ ನಿಜವಾಗಿ ಅರ್ಥವಾಗಲಿಲ್ಲ. "ಏನೂ ಬದ್ಲಾಗ್ದೆ ಇದ್ಮೇಲೆ ಯಾಕೆ ಯೋಳ್ಬೇಕು?"

"ಹೇಳದೆ ಇದ್ರೆ ಸತ್ತಿದೆಯೋ ಬದುಕಿದೆಯೋ ಗೊತ್ತಾಗಲ್ಲವಲ್ಲ ಅಂಕಲ್."

ಅವನು ಮೀಟರನ್ನು ಬಿಚ್ಚಿ ಬ್ಯಾಗಿಗೆ ಹಾಕಿಕೊಂಡ. "ದಿನಕ್ಕೆ ಒಂದೆರಡ್ ಸಲ 'ಇವ್ನಿ' ಅನ್ಲಿ. ಸಾಕು."

ಮನೆಯಲ್ಲಿ ಇದನ್ನು ಹೇಳಿದಾಗ ಉಮಾಮಹೇಶ್ವರಿ, "ಪರವಾಗಿಲ್ಲ, ಡಬ್ಬಿಗಾದ್ರೂ ಅಷ್ಟು ಹೇಳ್ಕೊಟ್ರಲ್ಲ" ಎಂದಳು.

ಮಾರ್ಚ್ ಕೊನೆಯ ಹೊತ್ತಿಗೆ ಡಬ್ಬಿಗಳಿಗೆ ಹೊಸ ಪಾಠವಾಯಿತು. ಹತ್ತು ನಿಮಿಷಕ್ಕೊಮ್ಮೆ ಎಲ್ಲವೂ ಒಟ್ಟಿಗೆ ಏಳಬೇಕು, ಎರಡು ಸೆಕೆಂಡು ಎಚ್ಚರವಿರಬೇಕು, ಶಾಖ ಅರ್ಧ ಡಿಗ್ರಿಯಾದರೂ ಬದಲಾಗಿದ್ದರೆ ಹೇಳಬೇಕು, ಇಲ್ಲದಿದ್ದರೆ ದಿನಕ್ಕೆರಡು ಸಲದ 'ಇವ್ನಿ' ಬಿಟ್ಟು ಬಾಯಿ ಮುಚ್ಚಿ ಮಲಗಬೇಕು. ಮುನಿರತ್ನಮ್ಮನ ಡಬ್ಬಿಯ ಭಾರ ಹಂಚಿಕೊಳ್ಳಲು ಬಂಡೆಯ ಆಚೀಚೆ ಎತ್ತರದ ತಗಡಿನ ಸೂರುಗಳ ಮೇಲೆ ಇನ್ನೂ ಮೂರು ಡಬ್ಬಿ ಕೂರಿಸಿದರು. ನಾಲ್ಕೂ ಸರದಿಯ ಮೇಲೆ ಹೊರಬೇಕು. ಬೆಂಗಳೂರಿನ ಆಫೀಸಿನಲ್ಲಿ ಎರಡು ವಾರ ನಡೆಸಿ ನೋಡಿದ್ದರು, ಒಂದೂ ತಪ್ಪಿರಲಿಲ್ಲ. ಆಫೀಸಿನಲ್ಲಿ ಎಸಿ ಇತ್ತು.

ಸೀಗೇದೊಡ್ಡಿಯಲ್ಲಿ ಎಂಟು ದಿನ ಚೆನ್ನಾಗಿ ನಡೆಯಿತು. ಒಂಬತ್ತನೆಯ ದಿನದಿಂದ ಮೂಡಲ ಬೀದಿಯ ಸೆಲ್ಲುಗಳು ಹಿಂದೆಂದಿಗಿಂತ ಬೇಗ ಸಾಯತೊಡಗಿದವು. ಅಮೂಲ್ಯ ಮೂರು ದಿನ ಕೂತು ತಾನು ಬರೆದದ್ದನ್ನೆಲ್ಲ ತಿರುವಿ ಹಾಕಿದಳು, ತಪ್ಪು ಸಿಗಲಿಲ್ಲ. ಕಂಪನಿಯವರು ಈ ಊರನ್ನು ಕೈಬಿಡೋಣ ಎಂಬ ಮಾತಾಡಿದರು. ಅವಳ ಕಣ್ಣು ಕೆಂಪಗಾಗಿದ್ದನ್ನು ಉದಯಶಂಕರ್ ನೋಡಿದ. ಸಮಾಧಾನ ಮಾಡುವುದು ಅವನಿಗೆ ಗೊತ್ತಿರಲಿಲ್ಲ. ಏಣಿ ಕೇಳಿ ತಂದು, ಸೂರು ಹತ್ತಿ, ತಗಡಿನ ಮೇಲೆ ಅಂಗೈ ಊರಿದ. ಊರಿದಷ್ಟೇ ಬೇಗ ತೆಗೆದ.

ಕೆಳಗಿಳಿದು ಬಂದು, ಅಂಗೈ ಉಜ್ಜಿಕೊಳ್ಳುತ್ತ, ಇಪ್ಪತ್ತೇಳು ವರ್ಷದ ವೃತ್ತಿಯಲ್ಲಿ ಯಾರಿಗೂ ಹೇಳುವ ಸಂದರ್ಭ ಬಂದಿರದ ವಿಷಯವೊಂದನ್ನು ಅವನು ಹೇಳಿದ.

"ಮೇಡಂ, ಬೈಕಿನ್ ಆಂಡಲ್‌ಗೆ ಒಂದು ಪುಟ್ ಗಡಿಯಾರ ಅಂಟುಸ್ಕತಿದ್ರು, ನೋಡಿದ್ದೀರಾ? ಬ್ಯಾಸ್ಗೆ ಬಂದ್ರೆ ಎಲ್ರೂ ನನ್ ತಾವ ಬರೋರು, ಇಂದೆ ಬೀಳ್ತದೆ ಅಂತ. ಸೆಲ್ ಸರಿಯಾಗೇ ಇರ್ತಿತ್ತು. ಒಳ್ಗಡೆ ಟೈಮ್ ಎಣ್ಸೋ ಒಂದು ಅರಳು ಐತಲ್ಲ, ಕ್ವಾರ್ಟ್ಸ್ ಕಲ್ಲು, ಅದು ಬಿಸ್ಲಿಗೆ ಒಸಿ ನಿದಾನ ಆಯ್ತದೆ. ಅದೇ ಗಡಿಯಾರ ಕೈಗ್ ಕಟ್ಕೊಂಡ್ರೆ ಸರಿ ನಡೀತದೆ. ಮೈ ಶಾಖ ಯಾವಾಗ್ಲೂ ಒಂದೇಯ."

ಅಮೂಲ್ಯ ತಲೆಯೆತ್ತಿ ತಗಡಿನ ಸೂರಿನ ಕಡೆ ನೋಡಿದಳು.

"ನಿಮ್ ಡಬ್ಬಿ ಒಳಗ್ಲೂ ಅದೇ ಅರಳು. ಉಳದ್ ಮನೆ ಒಳಗಿರೋವು ಇಪ್ಪತ್ತೈದು ಡಿಗ್ರಿಲಿ ತಣ್ಗವೆ, ಸರ್ಯಾದ್ ಒತ್ತಿಗೆ ಏಳ್ತವೆ. ತಗಡಿನ್ ಮೇಲಿರೋವು ದಿನಾ ಒಸೊಸಿ ಇಂದೆ ಬೀಳ್ತವೆ. ಇವು ಎದ್ದು ಕೂಗ್ತವೆ, ಅವಿನ್ನೂ ಮಲ್ಗವೆ. ಕೇಳ್ಸಿಲ್ಲ ಅಂತ ಇವು ಮತ್ತೆ ಮತ್ತೆ ಕೂಗ್ತವೆ. ಕೂಗಿ ಕೂಗಿ ಸಾಯ್ತವೆ."

ಅದು ಅವನ ಬಾಳಿನ ಅತಿ ಉದ್ದದ ಮಾತು. ಮುಗಿಸಿದ ಮೇಲೆ ನೀರು ಕೇಳಿ ಕುಡಿದ.

ನಂಬಿಕೆಗಿಂತ ಪರೀಕ್ಷೆ ಲೇಸೆಂದು ಎರಡು ಡಬ್ಬಿಗಳನ್ನು ಅಂಗಡಿಗೆ ತಂದ. ಒಂದನ್ನು ಅಂಗಡಿಯ ತಗಡಿನ ಮೇಲೆ, ಇನ್ನೊಂದನ್ನು ಮೇಜಿನ ಕೆಳಗೆ ಕುಡಿಯುವ ನೀರಿನ ಮಡಕೆಯ ಪಕ್ಕ ಇಟ್ಟ. ಏಳುವಾಗ ಡಬ್ಬಿಯಲ್ಲಿ ಒಂದು ಹಸಿರು ದೀಪ ಮಿನುಗುತ್ತದೆ. ಹತ್ತು ದಿನವಾದ ಮೇಲೆ ಬೇಕರಿಯವನನ್ನು ಸ್ಟೂಲಿನ ಮೇಲೆ ಹತ್ತಿಸಿ, ದೀಪ ಕಂಡ ಕೂಡಲೇ "ಬಂತು" ಎನ್ನಲು ಹೇಳಿ, ತಾನು ಮಡಕೆಯ ಪಕ್ಕ ಸ್ಟಾಪ್‌ವಾಚ್ ಹಿಡಿದು ಕೂತ. ಮಡಕೆಯ ಡಬ್ಬಿ ಮಿನುಗಿ ಎರಡೂವರೆ ಸೆಕೆಂಡಿನ ನಂತರ ಬೇಕರಿಯವನು ಕೂಗಿದ. ಬೇಕರಿಯವನು ಸ್ವಭಾವತಃ ನಿಧಾನವೇನೋ ಎಂದು ಜಾಗ ಬದಲಿಸಿಕೊಂಡು ಮತ್ತೆ ನೋಡಿದರು. ಅಷ್ಟೇ ಬಂತು.

ಆಮೇಲಿನದು ಸುಲಭವಾಯಿತು. ತಗಡಿನ ಮೇಲಿದ್ದ ಮೂರು ಡಬ್ಬಿಗಳು ಸೂರಿನ ಕೆಳಗೆ, ಬಿಸಿಲು ಬೀಳದ ಬಡಗಣ ಗೋಡೆಗೆ ಇಳಿದವು. ಡೈರಿಯ ದೊಡ್ಡ ಡಬ್ಬಿ ಗಂಟೆಗೊಮ್ಮೆ ಎಲ್ಲಕ್ಕೂ ಸಮಯ ಹೇಳುವಂತೆ ಅಮೂಲ್ಯ ತಿದ್ದಿದಳು. ಏಪ್ರಿಲ್‌ನಲ್ಲಿ ಉದಯಶಂಕರ್ ಹನ್ನೊಂದು ಸೆಲ್ ಬದಲಿಸಿದ. ಮೇ ತಿಂಗಳಲ್ಲಿ ಎರಡು. ಜೂನ್ ಮೊದಲ ಮಂಗಳವಾರ ಅರವತ್ತೈದು ಡಬ್ಬಿಗಳನ್ನೂ ಬಿಚ್ಚಿ ಅಳೆದು ನೋಡಿದ; ಒಂದೂ ಸತ್ತಿರಲಿಲ್ಲ. ಮುನಿರತ್ನಮ್ಮನದು ಹೊಸ ಸೆಲ್ಲಿಗೆ ಸಮನಾಗಿತ್ತು.

ಕೆಲಸವಿಲ್ಲವೆಂದು ಯಾರೂ ಹೇಳದಿದ್ದುದರಿಂದ ಮರುವಾರವೂ ಹೋದ. ಮುನಿರತ್ನಮ್ಮನ ಮನೆಯಲ್ಲಿ ಅವತ್ತು ಹುಳು ಹಣ್ಣಾಗಿತ್ತು, ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡಲು ಆಳು ಸಾಲದು. "ಬ್ಯಾಗ್ ಅತ್ಲಾಗ್ ಮಡುಗಿ ಕುಂತ್ಕೊಳಣ್ಣ" ಎಂದಳು ಆಕೆ. ವಾಚಿನ ಚಕ್ರ ಹಿಡಿದು ಪಳಗಿದ ಬೆರಳು. ಒಂದು ಹುಳುವೂ ನಲುಗಲಿಲ್ಲ. ಸಂಜೆಯವರೆಗೆ ಆರಿಸಿದ. ಲಕ್ಷ್ಮಯ್ಯ ಕೂಲಿ ಕೊಡಲು ಬಂದಾಗ ಬೇಡವೆಂದು ಬಸ್ಸು ಹತ್ತಿದ.

ಅದೇ ವಾರ ಅಮೂಲ್ಯಳ ಫೋನು ಬಂತು. ಮಾತು ಶುರುಮಾಡಲು ಅವಳಿಗೆ ಕಷ್ಟವಾಗುತ್ತಿತ್ತು. ಇನ್ನು ಮೇಲೆ ವಾರವಾರ ಹೋಗುವುದು ಬೇಡ, ಆರು ತಿಂಗಳಿಗೊಮ್ಮೆ ನೋಡಿದರೆ ಸಾಕು, ನಿಮ್ಮ ಕೆಲಸವನ್ನು ನೀವೇ ಕಳೆದುಕೊಂಡ ಹಾಗಾಯಿತು ಅಂಕಲ್ ಎಂದಳು.

"ಸೆಲ್ ಬದ್ಲಿಸ್ಬೇಕಾಗ್ದೆ ಇದ್ರೆ ಒಳ್ಳೇದೇ ಅಲ್ವಾ ಮೇಡಂ?"

ಅವನಿಗೆ ಹಾಗೆಯೇ ಅನಿಸಿತ್ತು. ಎರಡು ಮಂಗಳವಾರ ಮನೆಯಲ್ಲೇ ಇದ್ದಾಗ ಮಾತ್ರ ಸ್ವಲ್ಪ ಬೇರೆ ಅನಿಸಿತು. ಮನೆಯ ಗಡಿಯಾರಗಳನ್ನೆಲ್ಲ ಬಿಚ್ಚಿ ಒರೆಸಿ ಜೋಡಿಸಿದ. ಪಕ್ಕದ ಮನೆಯದನ್ನೂ ಕೇಳಿ ತಂದ. ಉಮಾಮಹೇಶ್ವರಿ ತಾನಾಗಿ ಅಮೂಲ್ಯಳ ನಂಬರು ಹುಡುಕಿ ಫೋನು ಮಾಡಿ ಏನೋ ಹೇಳಿದಳು. ಏನೆಂದು ಅವನಿಗೆ ತಿಳಿಸಲಿಲ್ಲ.

ಶ್ರಾವಣದಲ್ಲಿ ಕಂಪನಿಯವರು ಮಾಗಡಿ ಕಡೆ, ಸಾವನದುರ್ಗದ ಬುಡದ ಎರಡು ಊರುಗಳಲ್ಲಿ ಡಬ್ಬಿ ಹಾಕುವ ಕೆಲಸ ಹಿಡಿದರು. ಈ ಸಲ ಕೂರಿಸುವ ಮೊದಲೇ ಉದಯಶಂಕರನನ್ನು ಕರೆದರು. ಸೆಲ್ ಬದಲಿಸುವುದಕ್ಕಲ್ಲ, ಯಾವ ಡಬ್ಬಿ ಎಲ್ಲಿರಬೇಕೆಂದು ಹೇಳುವುದಕ್ಕೆ. ಕಾರು ಓಡಿಸಿಕೊಂಡು ಬಂದವನು ರುದ್ರಪ್ರಸಾದ್. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ, ಅದು ಇಬ್ಬರಿಗೂ ಅನುಕೂಲವಾಗಿತ್ತು. ಮಧ್ಯಾಹ್ನ ಹನ್ನೆರಡರ ಬಿಸಿಲಿಗೆ ಉದಯಶಂಕರ್ ಮನೆಮನೆಯ ಗೋಡೆಗೂ ಸೂರಿಗೂ ಅಂಗೈ ಊರುತ್ತ ಹೋದ. ಒಂದು ಮನೆಯ ಅಜ್ಜಿ, ಇವರು ವಾಸ್ತು ನೋಡುವವರಿರಬೇಕೆಂದು ಕಾಲಿಗೆ ನೀರು ಕೊಟ್ಟು, ಬಚ್ಚಲು ಯಾವ ದಿಕ್ಕಿಗಿದ್ದರೆ ಒಳ್ಳೆಯದು ಎಂದು ಕೇಳಿದಳು.

"ಬಡಗಣ ಗೋಡೆ ತಣ್ಗೈತೆ" ಎಂದ ಉದಯಶಂಕರ್. ಅಜ್ಜಿ ಮರುವಾರವೇ ಮೇಸ್ತ್ರಿಯನ್ನು ಕರೆಸಿದಳಂತೆ.